ನೆಟ್ ಹಾಕಲ್ಲ ಸಾರ್, ಅಪ್‌ಡೇಟ್ ಆಗ್ಬಿಡುತ್ತೆ

ನಿನ್ನೆ ತಂಗಿಯ ಗೃಹಪ್ರವೇಶದ ಕಾರ್ಡು ಮಾಡಿಸಲು ತುಮಕೂರಿನ ಪ್ರೆಸ್ಸಿಗೆ ಹೋಗಿದ್ದೆ. ನನ್ನ ಲಗ್ನಪತ್ರಿಕೆ ಅಚ್ಚಾದದ್ದೂ ಅಲ್ಲೇ. ಬಂದಾಗಿನಿಂದ ತಲೆಯಲ್ಲಿ ಹುಳ ಕೊರೆಯುತ್ತಿದೆ. ಉದ್ದ ಆಗುತ್ತೆ, ಬೇಜಾರಾದವರು ಈಗಲೇ ಮುಂದಕ್ಕೆ ಹೋಗಿ.

ಮೇಜಿನ ಮೇಲೆ ಎರಡು ಕಂಪ್ಯೂಟರ್. ಒಂದು ತೆಳ್ಳಗೆ, ಥಳಥಳ, ಹೋದ ವರ್ಷ ತಂದದ್ದು. ಅದರಲ್ಲಿ ವಾಟ್ಸಾಪ್ ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಇನ್ನೊಂದು ಹಳೇ ಡಬ್ಬ. ವರ್ಷವರ್ಷದ ಆಯುಧಪೂಜೆಯ ಅರಿಶಿನ ಕುಂಕುಮ ಸಿಪಿಯು ಮೇಲೆ ಪದರಪದರವಾಗಿ ಕೂತಿದೆ. ಕೀಬೋರ್ಡಿನಲ್ಲಿ ಅರ್ಧ ಅಕ್ಷರ ಸವೆದುಹೋಗಿವೆ. ಪ್ರೆಸ್ಸಿನ ಅಣ್ಣ ಕೂರುವುದು ಅದರ ಮುಂದೆಯೇ. ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್ ತೆರೆದರು, ಕಣ್ಣು ನನ್ನ ಚೀಟಿಯ ಮೇಲಿಟ್ಟು ಟಕಟಕ ಹೊಡೆದರು. ಐದು ನಿಮಿಷದಲ್ಲಿ ಗಣಪತಿ, ಕಳಶ, ಮುಹೂರ್ತ, 'ಸುಖಾಗಮನ ಬಯಸುವವರು' ಎಲ್ಲ ತಂತಮ್ಮ ಜಾಗದಲ್ಲಿ.

"ಹೊಸದರಲ್ಲಿ ಯಾಕಣ್ಣ ಮಾಡಲ್ಲ?" ಅಂದೆ.

"ನಮ್ ಟೈಪಿಂಗ್ ಸಾಫ್ಟ್‌ವೇರ್ ಅದ್ರಲ್ಲಿ ಓಡಲ್ಲ ಸಾರ್. ಹುಡುಗ್ರನ್ನ ಕರೆಸಿ ಎರಡು ಸಲ ನೋಡಿಸ್ದೆ." ಆಮೇಲೆ ಡಬ್ಬದ ಮೇಲೆ ಕೈಯಿಟ್ಟು, "ಇದಕ್ಕೆ ನೆಟ್ ಹಾಕಲ್ಲ ಸಾರ್. ಅಪ್‌ಡೇಟ್ ಆಗ್ಬಿಡುತ್ತೆ" ಅಂದರು.

ಮಗುವನ್ನು ಮಳೆಯಲ್ಲಿ ಬಿಡಲ್ಲ ಅನ್ನುವ ಧಾಟಿ ಅದು. ನಾನು ಹದಿನೇಳು ವರ್ಷದಿಂದ ಅನ್ನ ತಿನ್ನುತ್ತಿರುವುದೇ ಈ ಅಪ್‌ಡೇಟ್ ಕಳಿಸುವ ಕೆಲಸದಲ್ಲಿ. ಎಲ್ಲಿ ಮುಖ ಇಟ್ಟುಕೊಳ್ಳಲಿ?

ಗೊತ್ತು, ಈಗ ಯಾರಾದರೂ "ಯುನಿಕೋಡ್‌ಗೆ ಬರಲಿ" ಅನ್ನುತ್ತೀರಿ. ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಉಳಿಯುವ ಈಗಿನ ಅಕ್ಷರ ಪದ್ಧತಿಗೆ. ನಾನೂ ಅಲ್ಲಿ ಅದನ್ನೇ ಅಂದೆ, ಮಹಾ ಬುದ್ಧಿವಂತನ ಹಾಗೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್ ಗೊತ್ತಿಲ್ಲ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ನಡೆಸಿದವು. ಫಾಂಟ್ ತೆಗೆದರೆ ಒಳಗಿರುವುದು ಬರೀ ಇಂಗ್ಲಿಷ್ ಗುರುತು. 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟಿನಲ್ಲಿ ಹೊಡೆದ 'ಕನ್ನಡ' ಅನ್ನುವ ಪದವನ್ನು ಬೇರೆ ಫಾಂಟಿನಲ್ಲಿ ನೋಡಿ: ಒಂದು ಪಿ, ತಲೆಮೇಲೆ ಗೀಟು ಎಳೆದುಕೊಂಡ ಎ, ನಡುವೆ ಬ್ರಿಟಿಷರ ಪೌಂಡ್ ಗುರುತು! ಅಣ್ಣನ ಹತ್ತಿರ ಇಪ್ಪತ್ತು ವರ್ಷದ ಲಗ್ನಪತ್ರಿಕೆ, ತಿಥಿ ಕಾರ್ಡು, ಜಾತ್ರೆ ಕರಪತ್ರ ಎಲ್ಲ ಇರುವುದು ಹಾಗೆಯೇ. ಬದಲಾಯಿಸುವ ಸಾಧನಗಳಿವೆ, ಸರಿ. ಒಂದೊಂದೇ ಫೈಲು ತೆರೆದು ಒತ್ತಕ್ಷರ ತಿದ್ದುತ್ತಾ ಕೂರುವವರು ಯಾರು? ನಾನಾ? ನೀವಾ?

ನನ್ನ ತಕರಾರು ಒಂದೇ. ನಿನ್ನೆ ಓಡುತ್ತಿದ್ದದ್ದು ಇವತ್ತು ನಿಂತರೆ, ನಿಲ್ಲಿಸಿದವರ ತಪ್ಪು. ಓಡಿಸುತ್ತಿದ್ದವರದ್ದಲ್ಲ.

ಇದು ನನ್ನ ಸ್ವಂತ ಬುದ್ಧಿಯೇನಲ್ಲ. ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆ ಲಿನಕ್ಸ್, ಅದನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದರ ತಿರುಳಾದ ಕರ್ನಲ್‌ಗೆ ಹಾಕಿರುವ ಮೊದಲ ಕಟ್ಟಳೆಯೇ ಇದು. 2012ರ ಡಿಸೆಂಬರ್‌ನಲ್ಲಿ ಕರ್ನಲ್‌ನ ಒಂದು ಬದಲಾವಣೆಯಿಂದ ಕೆಲವು ಆಡಿಯೋ ಪ್ರೋಗ್ರಾಂಗಳು ಕೆಟ್ಟವು. ಅನುಭವಸ್ಥ ಡೆವಲಪರ್ ಒಬ್ಬರು "ದೋಷ ಆ ಪ್ರೋಗ್ರಾಂನದ್ದೇ" ಎಂದರು. ಲಿನಸ್ ಎಲ್ಲರೆದುರೇ ಎಂಥಾ ಮಂಗಳಾರತಿ ಮಾಡಿದನೆಂದರೆ, ಆ ಭಾಷೆಯನ್ನು ಇಲ್ಲಿ ಬರೆದರೆ ನಮ್ಮಮ್ಮ ನನ್ನನ್ನು ಅನ್‌ಫ್ರೆಂಡ್ ಮಾಡುತ್ತಾರೆ. ಬೈದ ರೀತಿ ಸರಿಯಲ್ಲ, ಒಪ್ಪುತ್ತೇನೆ. ಬೈದ ವಿಷಯ ಮಾತ್ರ ನೂರಕ್ಕೆ ನೂರು ಸರಿ.

ತಮಾಷೆ ಏನೆಂದರೆ, ಲಿನಕ್ಸ್‌ನಲ್ಲೂ ಈ ಶಿಸ್ತು ಇರುವುದು ಕರ್ನಲ್‌ನಲ್ಲಿ. ಅದರ ಮೇಲಿನ ಲೈಬ್ರರಿಗಳದ್ದು, ಅಂದರೆ ಪ್ರೋಗ್ರಾಂಗಳು ಎರವಲು ಪಡೆಯುವ ಸಿದ್ಧ ಕೋಡಿನದ್ದು, ಬೇರೆ ಕತೆ, ಹತ್ತು ವರ್ಷದ ಹಿಂದಿನ ಪ್ರೋಗ್ರಾಂ ಓಡಿಸಲು ಹೋದರೆ ಅದು ಕಾಣೆ, ಇದು ಕಾಣೆ. ಲಿನಕ್ಸ್‌ನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿರುವ ಇಂಟರ್‌ಫೇಸ್ (ಪ್ರೋಗ್ರಾಂಗಳು ಬಂದು ಕೂಡಿಕೊಳ್ಳುವ ಜಾಗ) ಯಾವುದು ಅಂದರೆ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೂಲಕ ಸಿಗುವ ವಿಂಡೋಸ್‌ನದ್ದು ಅಂತ ನಮ್ಮವರೇ ನಗುತ್ತಾರೆ.

ಸಿಮ್‌ಸಿಟಿ ಅನ್ನುವ ಕಂಪ್ಯೂಟರ್ ಆಟದ ಕತೆ ಗೊತ್ತಲ್ವಾ? ಸಾಫ್ಟ್‌ವೇರ್ ಬಗ್ಗೆ ಬ್ಲಾಗ್ ಬರೆಯುತ್ತಿದ್ದ ಜೋಯಲ್ ಸ್ಪಾಲ್‌ಸ್ಕಿ 2004ರಲ್ಲಿ ಬರೆದದ್ದು. ಆ ಆಟದಲ್ಲಿ ಒಂದು ದೋಷವಿತ್ತು. ಬೇಡವೆಂದು ಬಿಟ್ಟುಕೊಟ್ಟ ಮೆಮೊರಿಯನ್ನೇ ಅದು ಮತ್ತೆ ಬಳಸುತ್ತಿತ್ತು. ಬಾಡಿಗೆ ಮನೆ ಖಾಲಿ ಮಾಡಿ, ಬೀಗದ ಕೈ ಕೊಟ್ಟು, ರಾತ್ರಿ ಮತ್ತೆ ಅಲ್ಲೇ ಹೋಗಿ ಮಲಗಿದ ಹಾಗೆ. ಹಳೆಯ ವ್ಯವಸ್ಥೆಯಲ್ಲಿ ಆ ಮನೆಗೆ ತಕ್ಷಣ ಬೇರೆಯವರು ಬರುತ್ತಿರಲಿಲ್ಲ, ಹಾಗಾಗಿ ನಡೆಯಿತು. ವಿಂಡೋಸ್ 95ರಲ್ಲಿ ಹೊಸ ಬಾಡಿಗೆದಾರರು ಬಂದು ಕೂತರು, ಆಟ ಕುಸಿಯಿತು. ತಪ್ಪು ಆಟದ್ದೇ. ಆದರೂ ಮೈಕ್ರೋಸಾಫ್ಟ್‌ನವರು ಮಾಡಿದ್ದೇನು? ಓಡುತ್ತಿರುವುದು ಸಿಮ್‌ಸಿಟಿಯೇ ಎಂದು ಪತ್ತೆ ಹಚ್ಚಿ, ಅದೊಂದಕ್ಕೆ ಮಾತ್ರ ಮನೆಯನ್ನು ಕೂಡಲೇ ಬೇರೆಯವರಿಗೆ ಕೊಡದ ಹಾಗೆ ಏರ್ಪಾಟು ಮಾಡಿದರು. ಆಟ ಕೊಂಡ ಮಗುವಿಗೆ ಮೆಮೊರಿ ಕಟ್ಟಿಕೊಂಡು ಏನಾಗಬೇಕು ಹೇಳಿ! ಹೊಸ ವಿಂಡೋಸ್ ಹಾಕಿದೆ, ಆಟ ಕೆಟ್ಟಿತು, ಅಷ್ಟೇ ಅದಕ್ಕೆ ಗೊತ್ತು.

ಮೈಕ್ರೋಸಾಫ್ಟ್‌ನವರೂ ಕೊನೆಯವರೆಗೆ ಹಾಗೇ ಉಳಿಯಲಿಲ್ಲ ಬಿಡಿ. ಹೊಸ ತಲೆಮಾರಿನ 64 ಬಿಟ್ ವಿಂಡೋಸ್ ಬಂದಾಗ ಹಳೇ ಕಾಲದ 16 ಬಿಟ್ ಪ್ರೋಗ್ರಾಂಗಳಿಗೆ ಬಾಗಿಲು ಮುಚ್ಚಿತು. ಆಪಲ್‌ನವರಂತೂ 2017ರಲ್ಲಿ ಐಫೋನಿನಲ್ಲಿ, 2019ರಲ್ಲಿ ಮ್ಯಾಕ್‌ನಲ್ಲಿ ಹಿಂದಿನ ತಲೆಮಾರಿನ 32 ಬಿಟ್‌ನವನ್ನೆಲ್ಲ ಮನೆಯಿಂದಾಚೆ ಹಾಕಿದರು. ಅದೇ ಐಬಿಎಂ 1964ರಲ್ಲಿ ಘೋಷಿಸಿದ ಸಿಸ್ಟಂ/360 ಕಂಪ್ಯೂಟರಿಗೆ ಬರೆದ ಪ್ರೋಗ್ರಾಂಗಳು ಅದರ ಇವತ್ತಿನ ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರಿನಲ್ಲೂ ಓಡಬಲ್ಲವು. ಬ್ಯಾಂಕುಗಳು ದುಡ್ಡು ಕೊಡುತ್ತವೆ, ಅದಕ್ಕೇ ಓಡುತ್ತವೆ. ತುಮಕೂರಿನ ಪ್ರೆಸ್ಸಿನವರು ಯಾರಿಗೆ ಲೆಕ್ಕ?

"ಹಳೇದನ್ನು ಹೊತ್ತುಕೊಂಡಿದ್ದರೆ ಸೆಕ್ಯುರಿಟಿ ಏನಾಗಬೇಕು?" ಅನ್ನುತ್ತಾರೆ. ಆಫೀಸಿನಲ್ಲಿ ದಿನಾ ಕೇಳುವ ಮಾತು. ತೂತಿದ್ದರೆ ಮುಚ್ಚಿ, ಬೇಡ ಅಂದವರಾರು? ಕಿಟಕಿಯಲ್ಲಿ ಸೊಳ್ಳೆ ಬರುತ್ತೆ ಅಂತ ಬಾಗಿಲಿಗೇ ಗೋಡೆ ಕಟ್ಟಬೇಡಿ ಅಂದೆ, ಅಷ್ಟೇ. ಅಣ್ಣನ ಡಬ್ಬಕ್ಕೆ ವರ್ಷಗಳಿಂದ ಒಂದೇ ಒಂದು ತೇಪೆ ಬಿದ್ದಿಲ್ಲ. ಯಾಕೆ? ಅಪ್‌ಡೇಟ್ ಅಂದರೆ ಭಯ. ಆ ಭಯ ಹುಟ್ಟಿಸಿದವರು ಯಾರು? ಊರಿನ ಪೆನ್‌ಡ್ರೈವೆಲ್ಲ ಆ ಡಬ್ಬಕ್ಕೇ ಚುಚ್ಚುತ್ತಾರೆ, ಒಳಗೆ ಯಾವ ಯಾವ ವೈರಸ್ ಸಂಸಾರ ಹೂಡಿದೆಯೋ ದೇವರೇ ಬಲ್ಲ. ಇದೇನಾ ನಿಮ್ಮ ಸೆಕ್ಯುರಿಟಿ?

ಇಷ್ಟೆಲ್ಲ ಕೂಗಾಡಿದ ಮೇಲೆ ನನ್ನದೂ ಒಂದು ಹೇಳಿಬಿಡುತ್ತೇನೆ. ಏಳೆಂಟು ವರ್ಷದ ಹಿಂದೆ, ಆಗಿದ್ದ ಕಂಪನಿಯಲ್ಲಿ, ಬೇರೆಯವರ ಪ್ರೋಗ್ರಾಂಗಳು ಮಾಹಿತಿ ಪಡೆಯುತ್ತಿದ್ದ ನಮ್ಮ ಇಂಟರ್‌ಫೇಸ್‌ನಲ್ಲಿ ದಿನಾಂಕ ಬರುವ ರೀತಿಯನ್ನು ನಾನೇ ಬದಲಾಯಿಸಿದ್ದೆ. ಮೊದಲಿನದ್ದು ಗಲೀಜಾಗಿತ್ತು, ನನಗೆ ನೋಡಕ್ಕಾಗುತ್ತಿರಲಿಲ್ಲ. ಚೆಂದ ಮಾಡಿದೆ. ಮಾರನೇ ದಿನ ಒಬ್ಬರ ಫೋನು. ಅವರು ಯಾರ ಕೈಯಲ್ಲೋ ಬರೆಸಿದ್ದ ಚಿಕ್ಕ ಪ್ರೋಗ್ರಾಂ ನಿಂತುಹೋಗಿತ್ತು, ಬರೆದ ಹುಡುಗ ಊರಲ್ಲೇ ಇರಲಿಲ್ಲ. "ಆರು ತಿಂಗಳ ಹಿಂದೆಯೇ ಮೇಲ್ ಹಾಕಿದ್ದೆವಲ್ಲ, ಓದಬೇಕಿತ್ತು" ಅಂದೆ. ಆ ಕಡೆಯಿಂದ "ಸರಿ ಸಾರ್" ಅಂತ ಬಂತು. ಜಗಳ ಆಡಿದ್ದರೆ ಮರೆತುಬಿಡುತ್ತಿದ್ದೆನೇನೋ. ಹಳೇ ರೀತಿಯನ್ನೂ ಉಳಿಸಿಕೊಳ್ಳಲು ಬೇಕಿದ್ದದ್ದು ಹೆಚ್ಚೆಂದರೆ ಇಪ್ಪತ್ತು ಸಾಲು ಕೋಡ್. ಸೋಮಾರಿತನ ಕೂಡ ಅಲ್ಲ, ಚೆಂದದ ಹುಚ್ಚು.

ನಿನ್ನೆ ಹೊರಡುವಾಗ ಅಣ್ಣ ಕೇಳಿದರು, "ಸಾರ್, ಈ ಡಬ್ಬ ಕೈಕೊಟ್ರೆ ಇಂಥದ್ದೇ ಇನ್ನೊಂದು ಎಲ್ಲಾದ್ರೂ ಸಿಗುತ್ತಾ?" ನಮ್ಮನೆ ಅಟ್ಟದ ಮೇಲೆ 2008ರದ್ದೊಂದು ಬಿದ್ದಿದೆ, ಭಾನುವಾರ ಇಳಿಸಿ ನೋಡುತ್ತೇನೆ, ಜೀವ ಇದ್ದರೆ ಕಾರ್ಡು ತರಲು ಹೋಗುವಾಗ ಕೊಟ್ಟು ಬರುತ್ತೇನೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಅಷ್ಟು ಹಳೆಯದು ಇದ್ದರೆ ಗುಜರಿಗೆ ಹಾಕಬೇಡಿ, ಇನ್‌ಬಾಕ್ಸಿಗೆ ಬನ್ನಿ. ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ, ದಮ್ಮಯ್ಯ.