ಮೂರು ಪೇಪರಿನಲ್ಲಿ ಹೆಸರು

ಪ್ರತಿಭಟನೆ ಬೆಳಿಗ್ಗೆ ಹತ್ತೂವರೆಗೆ ಅಂತ ಮೆಸೇಜ್ ಬಂದಿತ್ತು. ನಾನು ಹನ್ನೊಂದೂವರೆಗೆ ಜಯದೇವ ಸರ್ಕಲ್ ಮುಟ್ಟಿದೆ. ಮೊದಲು ಬಂದವನು ನಾನೇ. ಪೊಲೀಸರು ಮಾತ್ರ ಹೇಳಿದ ಟೈಮಿಗೆ ಬಂದು ಕೂತಿದ್ದರು. ಅವರಲ್ಲೊಬ್ಬರು, "ಸಾರ್, ಇವತ್ತು ಐತಲ್ವಾ?" ಎಂದು ಕಾಳಜಿಯಿಂದ ಕೇಳಿದರು.

ಹನ್ನೆರಡರ ಹೊತ್ತಿಗೆ ಇಪ್ಪತ್ತಮೂರು ಜನ ಆದೆವು, ಮೈಕ್ ಹುಡುಗನನ್ನೂ ಸೇರಿಸಿ. "ಬೇಕೇ ಬೇಕು, ಲೆಕ್ಕ ಬೇಕು" ಶುರುವಾಯಿತು. ನಾಯಕರು ತಮ್ಮ ಆಸ್ತಿ, ಸಾಲ, ವರಮಾನ ಎಲ್ಲ ಜನರ ಮುಂದಿಡಬೇಕು ಅನ್ನೋದು ನಮ್ಮ ಬೇಡಿಕೆ. ದಾವಣಗೆರೆ ಬಿಸಿಲು ಗೊತ್ತಲ್ಲ. ಶಾಮಿಯಾನ ಹದಿನೈದು ಜನಕ್ಕೆ ಸಾಕಾಗುವಷ್ಟಿತ್ತು. ಉಳಿದವರು ಪಕ್ಕದ ಫ್ಲೆಕ್ಸ್ ನೆರಳಿಗೆ ಸರಿದೆವು. ಅದು ಹುಟ್ಟುಹಬ್ಬದ ಫ್ಲೆಕ್ಸ್. ಯಾರ ಲೆಕ್ಕ ಕೇಳೋಕೆ ಬಂದಿದ್ದೆವೋ ಅವರೇ ಮೇಲಿಂದ ಕೈಮುಗಿದು ನಗುತ್ತಿದ್ದರು. ಕೆಳಗೆ ನಲವತ್ತು ಅಭಿಮಾನಿಗಳ ಪಾಸ್‌ಪೋರ್ಟ್ ಸೈಜ್ ಮುಖಗಳು. ಫ್ಲೆಕ್ಸಿಗೆ ದುಡ್ಡು ಕೊಟ್ಟವರು ಯಾರು ಅನ್ನೋದು ಮಾತ್ರ ಎಲ್ಲೂ ಬರೆದಿರಲಿಲ್ಲ. ಇರಲಿ, ನೆರಳಂತೂ ಚೆನ್ನಾಗಿತ್ತು.

ಮೈಕ್ ಹಿಡಿದ ಹಿರಿಯರೊಬ್ಬರು, "ಇದಕ್ಕೊಂದು ಕಠಿಣ ಕಾನೂನು ಬರಬೇಕು" ಎಂದು ಮುಷ್ಟಿ ಎತ್ತಿದರು. ನನಗೆ ತಡೆಯಲಾಗಲಿಲ್ಲ. ಕಾನೂನು ಇದೆಯಲ್ಲ ಸಾರ್! ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984. ಅದರ 22ನೇ ಸೆಕ್ಷನ್. ಶಾಸಕರು, ಮಂತ್ರಿಗಳು ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಮತ್ತು ತಮ್ಮ ಮನೆಯವರ ಆಸ್ತಿ, ಸಾಲದ ಪಟ್ಟಿಯನ್ನು ಲೋಕಾಯುಕ್ತರಿಗೆ ಕೊಡಬೇಕು.

ಕೊಡದಿದ್ದರೆ? ಇಲ್ಲಿಂದ ಕಾನೂನು ಉಗ್ರರೂಪ ತಾಳುತ್ತದೆ. ಮೊದಲು ಲೋಕಾಯುಕ್ತರು ಒಂದು ವರದಿ ಬರೆಯುತ್ತಾರೆ. ಅದರ ಪ್ರತಿ ಆ ಮಹಾಶಯರಿಗೂ ಹೋಗುತ್ತದೆ. ಆಮೇಲೆ ಎರಡು ತಿಂಗಳು ಕಾಯುತ್ತಾರೆ. ಆಗಲೂ ಕೊಡಲಿಲ್ಲ ಅಂದ್ರೆ, ಎದೆ ಗಟ್ಟಿ ಮಾಡಿಕೊಳ್ಳಿ, ರಾಜ್ಯದಲ್ಲಿ ಹೆಚ್ಚು ಪ್ರಸಾರವಿರುವ ಮೂರು ಪೇಪರಿನಲ್ಲಿ ಅವರ ಹೆಸರು ಹಾಕಿಸುತ್ತಾರೆ!

ಪೇಪರಿನಲ್ಲಿ ಹೆಸರು! ಅದೂ ಯಾರಿಗೆ? ಯುಗಾದಿಗೆ ಒಂದು ಪುಟ, ಹುಟ್ಟುಹಬ್ಬಕ್ಕೆ ಒಂದು ಪುಟ, ಯಾವುದೋ ನಿಗಮದ ಕುರ್ಚಿ ಸಿಕ್ಕರೆ ಎರಡು ಪುಟ ಜಾಹೀರಾತು ಹಾಕಿಸಿಕೊಳ್ಳುವವರಿಗೆ. ಮಂಡಕ್ಕಿ ಕದ್ದವನನ್ನು ಹಿಡಿದು, ಬುದ್ಧಿ ಬರಲಿ ಅಂತ ಎರಡು ಬಿಸಿ ಮೆಣಸಿನಕಾಯಿ ಬಜ್ಜಿ ಕೊಟ್ಟು ಕಳಿಸಿದ ಹಾಗೆ. ಫೋಟೊ ಹಾಕುವುದಿಲ್ಲ ಅನ್ನೋದೊಂದೇ ಬಹುಶಃ ಅವರಿಗೆ ಬೇಜಾರು.

ಚುನಾವಣೆಗೆ ನಿಲ್ಲುವಾಗ ಮಾತ್ರ ಪಾಪ, ತಪ್ಪಿಸಿಕೊಳ್ಳುವ ಹಾಗಿಲ್ಲ. ಅಭ್ಯರ್ಥಿಯ ಆಸ್ತಿ, ಸಾಲ, ಕ್ರಿಮಿನಲ್ ಕೇಸು ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಕಾವೇರಿಗೂ ಒಂದಾಗದ, ಬರಕ್ಕೂ ಒಂದಾಗದ ಪಕ್ಷಗಳು ಆಗ ಒಂದಾದವು. ಅಷ್ಟೆಲ್ಲ ಹೇಳಬೇಕಿಲ್ಲ ಎಂದು ಕಾನೂನನ್ನೇ ತಿದ್ದಿದವು. 2003ರಲ್ಲಿ ಕೋರ್ಟ್ ಆ ತಿದ್ದುಪಡಿಯನ್ನು ಕಿತ್ತು ಹಾಕಿತು. ಹಾಗಾಗಿ ಇವತ್ತು ನಮಗೆ, ಅಭ್ಯರ್ಥಿಗಳು ಇದನ್ನೆಲ್ಲ ಬರೆದುಕೊಡುವ ನಮೂನೆ 26 ಅನ್ನೋ ಪ್ರಮಾಣಪತ್ರ ಓದುವ ಭಾಗ್ಯ ಇದೆ.

ರಾತ್ರಿ ನಿದ್ದೆ ಬಾರದಿದ್ದಾಗ ನಾನು ಇವನ್ನೇ ಓದುತ್ತೇನೆ. ಮನಸ್ಸಿಗೆ ಹಿತ. ಹತ್ತಾರು ಕೋಟಿ ಆಸ್ತಿ ಇರುತ್ತದೆ, ವಾಹನದ ಕಾಲಂನಲ್ಲಿ 'ಇಲ್ಲ' ಎಂದಿರುತ್ತದೆ. ಹಾಗಾದರೆ ವಿಧಾನಸೌಧಕ್ಕೆ ಕೆಂಪು ಬಸ್ಸಿನಲ್ಲಿ ಹೋಗ್ತಾರಾ? ಗಂಡ ಹೆಂಡತಿಗೆ ಸಾಲ ಕೊಟ್ಟಿರುತ್ತಾನೆ, ಹೆಂಡತಿ ಮಗನಿಗೆ ಕೊಟ್ಟಿರುತ್ತಾಳೆ, ಮಗ ತಿರುಗಿ ಅಪ್ಪನಿಗೆ ಕೊಟ್ಟಿರುತ್ತಾನೆ. ಮೂವರೂ ಸಾಲಗಾರರು, ಮೂವರೂ ಕೋಟ್ಯಧಿಪತಿಗಳು. ಇನ್ನು ಜಮೀನಿಗೆ ಎರಡು ಬೆಲೆ, ಕೊಂಡಾಗಿನದು ಮತ್ತು ಈಗಿನದು. ನಮ್ಮ ಕಡೆ ಹೊಲದಲ್ಲಿ ಮೆಕ್ಕೆಜೋಳ ಬಿತ್ತಿದವನಿಗೆ ಸಾಲ ಬೆಳೆಯುತ್ತದೆ. ಇವರಿಗೆ ಬಿತ್ತದೆ ಹೊಲವೇ ಬೆಳೆಯುತ್ತದೆ. ಅದು ಯಾವ ಗೊಬ್ಬರ ಅಂತ ಕೃಷಿ ಇಲಾಖೆಯವರು ಒಮ್ಮೆ ಕೇಳಿ ತಿಳಿದುಕೊಳ್ಳಬಾರದಾ?

ಸರ್ಕಲ್ ಹತ್ತಿರ ಒಬ್ಬಳು ಅಜ್ಜಿ ಬುಟ್ಟಿ ಇಟ್ಟುಕೊಂಡು ಮಂಡಕ್ಕಿ ಮಾರುತ್ತಿದ್ದಳು. ಘೋಷಣೆ ಕೇಳಿ, "ಏನ್ ಲೆಕ್ಕಪ್ಪಾ?" ಅಂದಳು. ವಿವರಿಸಿದೆ. ಅಜ್ಜಿ ನಕ್ಕಳು. ಅವಳ ಲೆಕ್ಕ ಎಲ್ಲ ಸರ್ಕಾರದ ಹತ್ತಿರ ಇದೆ. ವರ್ಷದ ಆದಾಯ 1.20 ಲಕ್ಷ ದಾಟಿದರೆ ಬಿಪಿಎಲ್ ಕಾರ್ಡಿಲ್ಲ, ಮನೆ ಮುಂದೆ ಸ್ವಂತ ಕಾರು ನಿಂತರೆ ಕಾರ್ಡಿಲ್ಲ. 2024ರ ನವೆಂಬರ್‌ನಲ್ಲಿ ಕಾರ್ಡು ರದ್ದಾಗುತ್ತಂತೆ ಎಂದು ಗದ್ದಲ ಎದ್ದಾಗ ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ. ಅಕ್ಕಿ ತರೋಕೆ ಹೋದರೆ ಹೆಬ್ಬೆಟ್ಟು ಒತ್ತಬೇಕು. ಮಂಡಕ್ಕಿ ಭಟ್ಟಿಯಲ್ಲಿ ದುಡಿದು ದುಡಿದು ಬೆರಳು ಸವೆದಿದೆ, ಮಷಿನ್ ಒಪ್ಪುವುದಿಲ್ಲ. ಪಾರದರ್ಶಕತೆ ಅಂದರೆ ಅದು. ಬೆರಳ ಮೇಲೆ ಗೆರೆ ಕೂಡ ಮುಚ್ಚಿಟ್ಟುಕೊಂಡಿಲ್ಲ.

ಅಷ್ಟರಲ್ಲಿ ಶಾಮಿಯಾನದವನು ಬಂದ. "ಬಿಲ್ ಯಾರ ಹೆಸರಿಗೆ ಬರೀಲಿ?"

ಅಲ್ಲಿವರೆಗೆ ಕೂಗುತ್ತಿದ್ದವರೆಲ್ಲ ಗಪ್‌ಚುಪ್. ಕೊನೆಗೆ ಒಂದು ಟೋಪಿ ಸುತ್ತಿ ಬಂತು. ನಾನು ಇನ್ನೂರು ರೂಪಾಯಿ ಹಾಕಿದೆ. ಹುಡುಗನೊಬ್ಬ ನೋಟ್‌ಬುಕ್ ತೆರೆದು "ಹೆಸರು ಸಾರ್?" ಅಂದ. "ಏ, ಬರೀಬೇಡಪ್ಪಾ. ಮನೇಲಿ ಗೊತ್ತಾಗುತ್ತೆ" ಎಂದೆ. ಹೇಳಿದ ಮೇಲೆ ಸ್ವಲ್ಪ ನಾಚಿಕೆಯಾಯಿತು. ಆದರೆ ಯೋಚಿಸಿ ನೋಡಿ. ಪಕ್ಷಗಳಿಗೇ 20,000 ರೂಪಾಯಿವರೆಗಿನ ದೇಣಿಗೆಗೆ ಕೊಟ್ಟವರ ಹೆಸರು ಚುನಾವಣಾ ಆಯೋಗಕ್ಕೆ ಹೇಳಬೇಕಿಲ್ಲ. ನನ್ನದು ಬರೀ ಇನ್ನೂರು. ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಗಳಿಗೆ ಕೊಡುತ್ತಿದ್ದ ಚುನಾವಣಾ ಬಾಂಡಿನಲ್ಲಂತೂ ಕೋಟಿ ಕೊಟ್ಟವರ ಹೆಸರೂ ಗುಟ್ಟಾಗಿತ್ತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಪಟ್ಟಿ ಕೊಡಿ ಎಂದಾಗ ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಟೈಮ್ ಕೇಳಿತು. ನಾಳೆಯೇ ಕೊಡಿ ಎಂದು ಕೋರ್ಟ್ ಗದರಿತು. ಮಾರನೇ ದಿನವೇ ಕೊಟ್ಟರು. ನಾಲ್ಕು ತಿಂಗಳ ಕೆಲಸ ಒಂದು ದಿನದಲ್ಲಿ! ನಮ್ಮ ದೇಶ ಹಿಂದುಳಿದಿದೆ ಅಂತ ಸುಮ್ನೆ ಅಂತಾರೆ.

ಆಮೇಲೆ ಮನವಿ ಕೊಡಲು ಮೆರವಣಿಗೆ ಹೊರಟಿತು. ದಾರಿಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಸಿಕ್ಕಿತು. ಇಪ್ಪತ್ತಮೂರು ಜನ ಹನ್ನೊಂದಾದೆವು. ಮನವಿ ಕೊಟ್ಟೆವು, ಪ್ರತಿಗೆ ಸೀಲು ಹಾಕಿಸಿಕೊಂಡೆವು. ಇಡೀ ದಿನದಲ್ಲಿ ನಮಗೆ ಸಿಕ್ಕ ರಸೀದಿ ಅದೊಂದೇ.

ಮರುದಿನ ಪೇಪರ್ ತೆರೆದರೆ ನಾಲ್ಕನೇ ಪುಟದಲ್ಲಿ ನಮ್ಮ ಫೋಟೊ. ಸುದ್ದಿಯ ಕೊನೆಗೆ ಹೆಸರುಗಳ ಸಾಲು. ನಾನು 'ಮತ್ತಿತರರು' ಒಳಗೆ ಇದ್ದೆ. ಅದೇ ಪೇಪರಿನ ಮುಖಪುಟದಲ್ಲಿ ಫ್ಲೆಕ್ಸಿನ ನಾಯಕರು ಪೂರ್ತಿ ಪುಟ ನಗುತ್ತಿದ್ದರು. ಹುಟ್ಟುಹಬ್ಬ ಅಂದೇ ಅಂತೆ.

ನನ್ನಾಕೆ ಫೋಟೊದಲ್ಲಿ ನನ್ನನ್ನು ಗುರುತು ಹಿಡಿದಳು. ಕೈ ಟೋಪಿಯೊಳಗೆ ಇರುವಾಗಲೇ ಕ್ಲಿಕ್ ಮಾಡಿದ್ದರು.

"ಎಷ್ಟು ಹಾಕಿದ್ರಿ?"

ಜೂನ್ 30ರೊಳಗೆ ಹೇಳ್ತೀನಿ ಎಂದೆ.

"ಆಯ್ತು. ಅದರ ಮೇಲೆ ಎರಡು ತಿಂಗಳು ನೋಡ್ತೀನಿ. ಆಮೇಲೆ ಓಣಿಯಲ್ಲಿ ಮೂರು ಮನೆಗೆ ಹೇಳ್ತೀನಿ" ಎಂದಳು. ಆ ಮೂರು ಮನೆ ಯಾವುವು ಅಂತ ನನಗೆ ಗೊತ್ತು. ಸಂಜೆಯೇ ಲೆಕ್ಕ ಒಪ್ಪಿಸಿದೆ.