ಮನೆಗೆ ಪಿಸ್ತೂಲ್ ತಗೊಳ್ಳೋ ಮೊದಲು ಕೈ ನೋಡಿ, ಕ್ಯಾಲಿಬರ್ ಆಮೇಲೆ

ಮನೆ ರಕ್ಷಣೆಗೆ ಪಿಸ್ತೂಲೋ ರಿವಾಲ್ವರೋ ಕೊಳ್ಳಲು ಹೊರಟವರು ಮೊದಲು ಕೇಳೋದು "ಯಾವ ಕ್ಯಾಲಿಬರ್ (ಗುಂಡಿನ ಅಳತೆ) ಒಳ್ಳೇದು?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇದನ್ನು ಬಳಸಬೇಕಾಗಿ ಬರಬಹುದಾದ ಮನೆಮಂದಿಯಲ್ಲಿ ಯಾರ ಕೈ ಎಲ್ಲರಿಗಿಂತ ಚಿಕ್ಕದು, ಯಾರ ಬೆರಳಿಗೆ ಬಲ ಕಡಿಮೆ? ಅವರಿಗೆ ಒಗ್ಗದ ಬಂದೂಕು ಆ ಮನೆಗೆ ತಕ್ಕದ್ದಲ್ಲ. ನಿಮ್ಮ ಕಡೆಯ ಕಾನೂನು ಯಾವುದಕ್ಕೆ ಲೈಸೆನ್ಸ್ ಕೊಡುತ್ತದೋ ಅದರೊಳಗೇ ಆಯ್ಕೆ ನಡೆಯಬೇಕು, ಅದು ಸರಿ. ಆದರೆ ಆ ಮಿತಿಯೊಳಗೂ ಅಳತೆಗೋಲು ಕೈಯೇ.

ಅಂಗಡಿಯಲ್ಲಿ ಪಿಸ್ತೂಲ್ ನೋಡುವಾಗ ಮೊದಲು ಮ್ಯಾಗಜೀನ್ (ಗುಂಡು ತುಂಬೋ ಡಬ್ಬಿ) ತೆಗೆಯಿರಿ, ಆಮೇಲೆ ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರೋ ಭಾಗ) ಹಿಂದಕ್ಕೆಳೆದು ಚೇಂಬರ್ (ನಳಿಗೆಯ ಹಿಂದೆ ಗುಂಡು ಕೂರೋ ಗೂಡು) ಖಾಲಿ ಇದೆಯಾ ಅಂತ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ಈ ಕ್ರಮ ತಿರುವುಮುರುವು ಆಗಬಾರದು. ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ ಚೇಂಬರ್‌ನಲ್ಲಿ ಹೊಸ ಗುಂಡು ಕೂತಿರುತ್ತದೆ. ಖಾಲಿ ಅಂತ ಖಾತ್ರಿಯಾದ ಮೇಲೆ ಹಿಡಿಯಿರಿ: ಹೆಬ್ಬೆರಳು, ತೋರುಬೆರಳಿನ ನಡುವಿನ ಸಂದು ಹಿಡಿಯ ಹಿಂಭಾಗದಲ್ಲಿ ಆದಷ್ಟು ಮೇಲೆ ಕೂರಬೇಕು, ನಳಿಗೆ ಮುಂಗೈ ಮೂಳೆಯ ನೇರಕ್ಕೆ ಬರಬೇಕು, ಹಾಗೆ ಹಿಡಿದಾಗಲೇ ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರ್ ಮೇಲೆ ಸಲೀಸಾಗಿ ಕೂರಬೇಕು. ಟ್ರಿಗರ್ ಮುಟ್ಟೋಕೆ ಕೈಯನ್ನೇ ಪಕ್ಕಕ್ಕೆ ತಿರುಗಿಸಬೇಕಾಯ್ತು ಅಂದರೆ ಆ ಹಿಡಿ ನಿಮಗೆ ದಪ್ಪ. ಗುಂಡು ಹಾರಿದಾಗಿನ ಒದೆತ ಅಂಗೈ ಬಿಟ್ಟು ಹೆಬ್ಬೆರಳಿನ ಗಂಟಿಗೆ ಬೀಳುತ್ತದೆ, ಗುಂಡು ಗುರಿಯ ಪಕ್ಕಕ್ಕೆ ಸರಿಯುತ್ತದೆ. ಈಗಿನ ಎಷ್ಟೋ ಪಿಸ್ತೂಲುಗಳಲ್ಲಿ ಹಿಡಿಯ ಹಿಂಭಾಗದ ಪಟ್ಟಿ ಬದಲಿಸಬಹುದು, ಕೇಳಿ ನೋಡಿ.

"ಹೆಂಗಸರಿಗೆ, ವಯಸ್ಸಾದವರಿಗೆ ರಿವಾಲ್ವರ್ ಸಾಕು" ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ಸ್ಲೈಡ್ ಎಳೆಯೋ ಕಷ್ಟ ತಪ್ಪುತ್ತದೆ, ನಿಜ. ಆದರೆ ಡಬಲ್ ಆಕ್ಷನ್ (ಟ್ರಿಗರ್ ಎಳೆತವೇ ಸುತ್ತಿಗೆಯನ್ನೂ ಹಿಂದಕ್ಕೆತ್ತೋ) ರಿವಾಲ್ವರಿನ ಟ್ರಿಗರ್ ಎಳೆಯಲು ಸಾಮಾನ್ಯವಾಗಿ 10–12 ಪೌಂಡ್ ಬಲ ಬೇಕು, ಸ್ಟ್ರೈಕರ್ (ಸುತ್ತಿಗೆಯ ಬದಲು ಒಳಗಿನ ಕಡ್ಡಿಯೇ ಗುಂಡಿಗೆ ಬಡಿಯೋ) ಪಿಸ್ತೂಲಿಗೆ 5–6 ಪೌಂಡ್ ಸಾಕು. ಬಲ ಕಡಿಮೆಯಿದ್ದ ಬೆರಳು ಆ ಉದ್ದದ ಎಳೆತದಲ್ಲಿ ಗುರಿಯನ್ನೇ ಅಲ್ಲಾಡಿಸಿಬಿಡುತ್ತದೆ. ಸ್ಲೈಡ್ ಬಿಗಿ ಅನ್ನಿಸಿದವರು ಎರಡು ಬೆರಳಲ್ಲಿ ಚಿವುಟಿ ಎಳೆಯೋದು ಬಿಡಿ. ಎಡ ಅಂಗೈ ಪೂರ್ತಿ ಸ್ಲೈಡಿನ ಹಿಂಭಾಗದ ಮೇಲೆ ಬಿಗಿಯಾಗಿ ಹಿಡಿದು, ಬಲಗೈಯಿಂದ ಪಿಸ್ತೂಲನ್ನು ಮುಂದಕ್ಕೆ ತಳ್ಳಿ. ಅಷ್ಟಕ್ಕೂ ಬರದಿದ್ದರೆ ಸ್ಮಿತ್ ಅಂಡ್ ವೆಸನ್ ಶೀಲ್ಡ್ ಈಝಡ್ ಥರದ, ಸ್ಲೈಡ್ ಹಗುರವಾಗಿ ಬರಲೆಂದೇ ಮಾಡಿದ ಮಾದರಿಗಳಿವೆ.

ಸಣ್ಣ ಬಂದೂಕು ಸುಲಭ ಅನ್ನೋದೂ ತಪ್ಪು. 2 ಇಂಚು ನಳಿಗೆಯ, 5 ಗುಂಡಿನ ಪುಟ್ಟ ರಿವಾಲ್ವರ್ ಬಟ್ಟೆಯೊಳಗೆ ಬಚ್ಚಿಟ್ಟು ಓಡಾಡೋಕೆ ಮಾಡಿದ್ದು. ತೂಕ ಕಡಿಮೆಯಾದಷ್ಟೂ ಒದೆತ ಜೋರು. ಮನೆಯಲ್ಲೇ ಇರೋದಕ್ಕೆ ಬಚ್ಚಿಡೋ ಚಿಂತೆ ಯಾಕೆ? 4ರಿಂದ 4.5 ಇಂಚಿನ ನಳಿಗೆ ಇರಲಿ. ಗ್ಲಾಕ್ 19ರ ನಳಿಗೆ 4.02 ಇಂಚು, ಮ್ಯಾಗಜೀನಿಗೆ 15 ಗುಂಡು. ಆ ಗಾತ್ರ ಹೆಚ್ಚಿನ ಕೈಗಳಿಗೆ ಹೊಂದುತ್ತದೆ.

ಇನ್ನು ಕ್ಯಾಲಿಬರ್. ಕಾನೂನು ಅನುಮತಿಸಿದರೆ 9 ಎಂಎಂ ಸಾಕು. ಅಮೆರಿಕದ ಎಫ್‌ಬಿಐ ಕೂಡ .40 ಇಂಚಿನ ಗುಂಡು ಬಿಟ್ಟು 9 ಎಂಎಂಗೇ ಮರಳಿತು. .357 ಮ್ಯಾಗ್ನಮ್ ಅನ್ನೋ ಜೋರಿನ ರಿವಾಲ್ವರ್ ಗುಂಡನ್ನು ಕತ್ತಲ ಕೋಣೆಯಲ್ಲಿ ಹಾರಿಸಿದರೆ ಬೆಂಕಿಯ ಮಿಂಚಿಗೆ ಕಣ್ಣು ಕತ್ತಲಿಡುತ್ತದೆ. ಯಾವ ಕೈಬಂದೂಕೇ ಆಗಲಿ ಸದ್ದು 160 ಡೆಸಿಬೆಲ್ ಆಸುಪಾಸು, 140 ದಾಟಿದರೆ ಒಂದೇ ಸದ್ದಿಗೂ ಕಿವಿಗೆ ಹಾನಿಯಾಗಬಹುದು. .22ರ ಒದೆತ ಹಗುರ, ಆದರೆ ಅದರಂಥ ರಿಮ್‌ಫೈರ್ (ತೋಟಾದ ಅಂಚಿಗೆ ಬಡಿದು ಹಾರಿಸೋ) ಗುಂಡುಗಳು ಹಾರದೆ ಉಳಿಯೋದು ಹೆಚ್ಚು.

ಅಭ್ಯಾಸಕ್ಕೆ ಲೋಹದ ಹೊದಿಕೆಯ ಫುಲ್ ಮೆಟಲ್ ಜಾಕೆಟ್ ಗುಂಡು, ಮನೆಗೆ ಮೂತಿಯಲ್ಲಿ ಕುಳಿಯಿರೋ ಹಾಲೋ ಪಾಯಿಂಟ್ (ಕಾನೂನು ಒಪ್ಪುವಲ್ಲಿ). ಹಾಲೋ ಪಾಯಿಂಟ್ ಮೈಗೆ ಹೊಕ್ಕೊಡನೆ ಅರಳಿ ವೇಗ ಕಳೆದುಕೊಳ್ಳುತ್ತದೆ, ಆ ಕಡೆಯಿಂದ ಹೊರಬೀಳೋ ಸಾಧ್ಯತೆ ಕಡಿಮೆ. ಆದರೆ ಗುರಿ ತಪ್ಪಿದ ಗುಂಡು ಯಾವುದೇ ಆಗಲಿ, ಹಲಗೆಯ ತೆಳು ಗೋಡೆಗೆ ನಿಲ್ಲೋದಿಲ್ಲ. ಹಾಸಿಗೆಯ ಪಕ್ಕ ನಿಂತು ಬಾಗಿಲ ಕಡೆ ನೋಡಿ: ಆ ನೇರದಲ್ಲಿ ಗೋಡೆಯಾಚೆ ಮಕ್ಕಳು ಮಲಗುತ್ತಾರಾ? ಹಾಗಿದ್ದರೆ ನೀವು ನಿಲ್ಲೋ ಜಾಗ ಇವತ್ತೇ ಬದಲಾಗಬೇಕು.

ಪಿಸ್ತೂಲಿನ ಕೆಳಗೆ ಸಿಕ್ಕಿಸೋ ಲೈಟ್ ಒಳ್ಳೇದೇ. ಆದರೆ ಅದೊಂದೇ ಇದ್ದರೆ ಯಾರು ಅಂತ ನೋಡೋಕೂ ಬಂದೂಕನ್ನೇ ತಿರುಗಿಸಬೇಕಾಗುತ್ತದೆ. ನೀರು ಕುಡಿಯಲು ಎದ್ದ ಮಗಳ ಕಡೆಗೂ. ಕೈಯಲ್ಲಿ ಹಿಡಿಯೋ ಟಾರ್ಚ್ ಬೇರೆ ಇರಲೇಬೇಕು.

ಲಾಕರ್ ಪೆಟ್ಟಿಗೆಗೆ ದುಡ್ಡಿಲ್ಲ ಅನ್ನೋರು ಬಂದೂಕಿಗೂ ದುಡ್ಡು ಹಾಕಬೇಡಿ. ದಿಂಬಿನಡಿ, ಡ್ರಾಯರ್, ಬೀರು ಮೇಲೆ, ಇವೆಲ್ಲ ಮಕ್ಕಳಿಗೆ ಗೊತ್ತಿರೋ ಜಾಗಗಳು. ಕತ್ತಲಲ್ಲಿ ತಡಕಿ ಒತ್ತಬಹುದಾದ ಗುಂಡಿಗಳ ಪೆಟ್ಟಿಗೆ ತಂದು ಗೋಡೆಗೋ ಮಂಚಕ್ಕೋ ಬೋಲ್ಟ್ ಹಾಕಿ. ಬ್ಯಾಟರಿಯದ್ದಾದರೆ ಗೊತ್ತುಮಾಡಿದ ದಿನಕ್ಕೆ ಬ್ಯಾಟರಿ ಬದಲಿಸಿ. ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ಬದುಕು ಬೇಡ ಅಂತ ಮಾತಾಡುತ್ತಿದ್ದರೆ, ಪೆಟ್ಟಿಗೆಯೂ ಸಾಲದು. ಕಾನೂನುಬದ್ಧವಾಗಿ ಬಂದೂಕನ್ನು ಮನೆಯಿಂದಾಚೆ ಇಡಿಸಿ. ಇದರಲ್ಲಿ ಚೌಕಾಸಿ ಇಲ್ಲ.

ಕೊಂಡ ಮೇಲೆ ಕನಿಷ್ಠ 200 ಗುಂಡು ರೇಂಜಿನಲ್ಲಿ ಹಾರಿಸಿ. ಅದರಲ್ಲಿ ಎರಡು ಮ್ಯಾಗಜೀನಿನಷ್ಟಾದರೂ ಮನೆಯಲ್ಲಿಡೋ ಹಾಲೋ ಪಾಯಿಂಟೇ ಆಗಿರಲಿ. ಖಾಲಿ ತೋಟಾ ಸ್ಲೈಡಿನಲ್ಲಿ ನೆಟ್ಟಗೆ ನಿಂತು ಸಿಕ್ಕಿಕೊಳ್ಳುತ್ತಿದ್ದರೆ ಮೊದಲು ಮಣಿಕಟ್ಟು ನೋಡಿ. ಅದು ಸಡಿಲವಾದರೆ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗೋದಿಲ್ಲ. ತೋಟಾ ಹಾಗೆ ಸಿಕ್ಕಿಕೊಂಡಾಗ ಮ್ಯಾಗಜೀನಿನ ತಳಕ್ಕೆ ಬಲವಾಗಿ ತಟ್ಟಿ, ಸ್ಲೈಡ್ ಪೂರ್ತಿ ಎಳೆದು ಬಿಡಿ.

ಚೇಂಬರಿಂದ ತೆಗೆದ ಅದೇ ಗುಂಡನ್ನು ಮತ್ತೆ ಮತ್ತೆ ಲೋಡ್ ಮಾಡಬೇಡಿ. ಪ್ರತಿ ಸಲ ಅದರ ಮೂತಿ ಚೇಂಬರ್ ಬಾಯಿಯ ಇಳಿಜಾರಿಗೆ ಬಡಿದು, ಮುಂದಿನ ಸೀಸ ತೋಟಾದೊಳಗೆ ಕೂದಲೆಳೆಯಷ್ಟು ಕುಸಿಯಬಹುದು, ಹಾಗಾದರೆ ಹಾರಿಸುವಾಗ ಒತ್ತಡ ಏರುತ್ತದೆ. ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡ ಕಂಡರೆ ಅದನ್ನು ಬಳಸದೆ ತೆಗೆದಿಡಿ.