ಉತ್ತರದಾತೆ ಸಂಖ್ಯೆ 14

ಕಳೆದ ಶನಿವಾರ ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ವಲಸೆ ಮತ್ತು ಸಂಸ್ಕೃತಿಯ ಕುರಿತು ನಡೆದ ವಿಚಾರ ಸಂಕಿರಣಕ್ಕೆ ಹೋಗಿ ಬಂದವಳಿಗೆ ಇನ್ನೂ ಸಮಾಧಾನವಿಲ್ಲ. ಅಸ್ಸಾಮಿನಿಂದ ನಮ್ಮ ಕಾಫಿ ತೋಟಗಳಿಗೆ ಬರುವ ಕಾರ್ಮಿಕರ ಬಗ್ಗೆ ಪ್ರಬಂಧ ಮಂಡಿಸಿದ ಯುವ ಸಂಶೋಧಕರು ಪರದೆಯ ಮೇಲೆ ಒಂದು ಚಿತ್ರ ಹಾಕಿದರು. ತೋಟದ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ಲೈನ್ ಮನೆಯ ಜಗಲಿ, ಸೌದೆ ಒಲೆ, ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡ ಹೆಂಗಸು. ಕೆಳಗೆ ‘ಉತ್ತರದಾತೆ ಸಂಖ್ಯೆ 14’. ಆ ಜಗಲಿಯನ್ನು ನಾನು ಬಲ್ಲೆ, ಆಕೆಯನ್ನೂ ಬಲ್ಲೆ. ಗೋಪ್ಯತೆಗಾಗಿ ಹೆಸರನ್ನು ಕೈಬಿಟ್ಟವರಿಗೆ ಮುಖವನ್ನು ನೂರು ಜನರ ಮುಂದೆ ದೊಡ್ಡದು ಮಾಡಿ ತೋರಿಸಬಾರದೆಂದು ಹೊಳೆಯಲಿಲ್ಲ. ಪ್ರಶ್ನೆಗಳ ವೇಳೆಯಲ್ಲಿ ಎದ್ದು, ಆಕೆಗೆ ಈ ಚಿತ್ರದ ವಿಷಯ ಗೊತ್ತಿದೆಯೇ, ನೀವು ಕಂಡುಕೊಂಡದ್ದನ್ನು ಆಕೆಗೆ ಹೇಳಿದ್ದೀರಾ ಎಂದು ಕೇಳಿದೆ. ‘ಮೇಡಂ, ಅದು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ’ ಎಂದರು. ಅಷ್ಟರಲ್ಲಿ ಊಟದ ಹೊತ್ತಾಯಿತು.

ಪ್ರಬಂಧ ಕಳಪೆಯದೆಂದು ನಾನು ಹೇಳುತ್ತಿಲ್ಲ. ವಲಸೆ ಹೋಗುವವರಲ್ಲಿ ಹೆಚ್ಚಿನವರು ಹತ್ತಿರದ ಊರಿಗೇ ಹೋಗುತ್ತಾರೆಂದು 1885ರಲ್ಲಿ ಭೂಗೋಳಜ್ಞ ರಾವೆನ್‌ಸ್ಟೈನ್ ಹೇಳಿದ್ದ ಮಾತಿನಿಂದ ಅದು ಆರಂಭವಾಯಿತು. ನಮ್ಮ 2011ರ ಜನಗಣತಿಯಲ್ಲಿ ಕಾಣುವ 45 ಕೋಟಿ ವಲಸಿಗರಲ್ಲಿ ಮೂರನೇ ಎರಡರಷ್ಟು ಹೆಂಗಸರೇ ಇದ್ದು, ಅವರಲ್ಲಿ ಬಹುಪಾಲಿನವರಿಗೆ ಮದುವೆಯೇ ಕಾರಣವೆಂದು ದಾಖಲಾಗುವುದರಿಂದ ಅವರ ದುಡಿಮೆ ಲೆಕ್ಕದಿಂದ ತಪ್ಪಿಹೋಗುತ್ತದೆ ಎಂಬುದನ್ನು ಸ್ಪಷ್ಟವಾಗಿ ವಿವರಿಸಿತು. ಗಂಡನ ಹಿಂದೆ ಮೂರು ದಿನ ರೈಲಿನಲ್ಲಿ ಬಂದು, ಮರುದಿನವೇ ಕಾಫಿ ಕೊಯ್ಲಿಗೆ ಇಳಿದ ಆ ಹೆಂಗಸಿನ ವಿಷಯದಲ್ಲಿ ಇದಕ್ಕಿಂತ ನಿಜವಾದ ಮಾತಿಲ್ಲ. ಇಷ್ಟು ನಿಜವಾದ ಮಾತು ಆಕೆಯೊಬ್ಬಳನ್ನು ಬಿಟ್ಟು ಉಳಿದವರೆಲ್ಲರಿಗೂ ತಲುಪಿತಲ್ಲ ಎಂಬುದೇ ನನ್ನ ಸಂಕಟ.

ನಮ್ಮಪ್ಪ ಬಾಳೆಹೊನ್ನೂರಿನ ಕಡೆಯ ತೋಟವೊಂದರಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದುದು ನಿಮಗೆಲ್ಲ ತಿಳಿದದ್ದೇ. ಅಲ್ಲಿಗೆ ಸಮೀಪದಲ್ಲೇ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಎಲೆ ತುಕ್ಕು ರೋಗಕ್ಕೆ, ಬಿಳಿ ಕಾಂಡಕೊರಕ ಹುಳಕ್ಕೆ ಏನು ಮಾಡಬೇಕೆಂದು ಅಲ್ಲಿಯ ವಿಜ್ಞಾನಿಗಳು ಕಂಡುಕೊಂಡದ್ದನ್ನು ಕಾಫಿ ಮಂಡಳಿಯವರು ತೋಟಕ್ಕೆ ಬಂದು, ಗಿಡದ ಬುಡದಲ್ಲಿ ನಿಂತು, ಕನ್ನಡದಲ್ಲಿ ಹೇಳುತ್ತಿದ್ದುದನ್ನು ನಾನು ಲಂಗ ಹಾಕಿಕೊಂಡಿದ್ದ ವಯಸ್ಸಿನಿಂದ ನೋಡಿದ್ದೇನೆ. ಎಸ್. 795 ಎಂಬ ಕಾಫಿ ತಳಿ ಮನೆಮಾತಾದದ್ದು, 2007ರಲ್ಲಿ ಬಂದ ಚಂದ್ರಗಿರಿ ತಳಿ ಸಣ್ಣ ಬೆಳೆಗಾರರ ತೋಟವನ್ನೂ ಸೇರಿದ್ದು ಇದರಿಂದಲೇ. ಗಿಡದ ಮೇಲೆ ನಡೆದ ಸಂಶೋಧನೆ ಗಿಡದ ಬುಡಕ್ಕೆ ಮರಳಿ ಬರುತ್ತದೆ. ಆ ಗಿಡದ ಹಣ್ಣು ಕೊಯ್ಯುವ ಮನುಷ್ಯರ ಮೇಲೆ ನಡೆದ ಸಂಶೋಧನೆ ಲೈನ್ ಮನೆಯ ಬಾಗಿಲಿಗೆ ಮರಳಿದ್ದನ್ನು ಈ ಐವತ್ತೈದು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡಿಲ್ಲ.

ಪ್ರಶ್ನಾವಳಿ ಹಿಡಿದು ಬರುವವರು ಇನ್ನೊಂದನ್ನೂ ತಿಳಿದಿರಬೇಕಿತ್ತು. ನಿಮ್ಮ ಹೆಸರೇನು, ತಂದೆಯ ಹೆಸರೇನು, ಯಾವ ಜಿಲ್ಲೆ, ಎಷ್ಟು ವರ್ಷದಿಂದ ಅಲ್ಲಿದ್ದೀರಿ ಎಂಬ ಪ್ರಶ್ನೆಗಳು ನಮಗೆ ಸಾಮಾನ್ಯವೆನಿಸುತ್ತವೆ. ಅಸ್ಸಾಮಿನವರಿಗೆ ಅವು ಸಾಮಾನ್ಯವಲ್ಲ. 1971ರ ಮಾರ್ಚ್ 25ಕ್ಕೆ ಮೊದಲೇ ತಮ್ಮ ಕುಟುಂಬ ಅಲ್ಲಿತ್ತೆಂದು ಕಾಗದಗಳಿಂದ ತೋರಿಸಬೇಕಾಗಿ ಬಂದವರು ಅವರು. 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನರ ಹೆಸರಿರಲಿಲ್ಲ. ಯಾರೋ ಅಪರಿಚಿತರು ಅವೇ ಪ್ರಶ್ನೆಗಳನ್ನು ಕೇಳಿ, ಬರೆದುಕೊಂಡು, ಏನೂ ಹೇಳದೆ ಜೀಪು ಹತ್ತಿದ ಮೇಲೆ ಆ ಲೈನ್ ಮನೆಗಳಲ್ಲಿ ಎಷ್ಟು ದಿನ ಅದರದೇ ಮಾತು ನಡೆದಿತ್ತೆಂಬುದನ್ನು ಮೇಸ್ತ್ರಿ ನನಗೆ ಹೇಳಿದ್ದಾರೆ. ಇಬ್ಬರು ಕೊಯ್ಲು ಮುಗಿಯುವ ಮೊದಲೇ ಊರಿಗೆ ಹೊರಟುಹೋದರಂತೆ.

ಊಟದ ಸಾಲಿನಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ನನಗೆ ತಿಳಿಹೇಳಿದರು: ಸಂಶೋಧನೆಯನ್ನು ಇಂಗ್ಲಿಷಿನಲ್ಲಿ ಬರೆಯದಿದ್ದರೆ ಪ್ರಪಂಚ ಓದುವುದಿಲ್ಲ, ಕೊಯ್ಲು ಮುಗಿದೊಡನೆ ಹೋಗಿಬಿಡುವವರನ್ನು ಎಲ್ಲಿ ಹುಡುಕುವುದು, ಓದಲು ಬಾರದವರಿಗೆ ಏನನ್ನು ಕೊಡುವುದು? ಇಂಗ್ಲಿಷಿನಲ್ಲಿ ಬರೆಯಲಿ, ನನ್ನ ಅಡ್ಡಿಯಿಲ್ಲ. ಆದರೆ ಪ್ರತಿ ರಾತ್ರಿ ಅಸ್ಸಾಮಿನ ಬರ್ಪೇಟಾದಲ್ಲಿರುವ ತಾಯಿಯ ಮುಖವನ್ನು ಫೋನಿನಲ್ಲಿ ನೋಡಿ ಮಾತಾಡುವವರನ್ನು ಹುಡುಕಲು ಸಾಧ್ಯವಿಲ್ಲವೆಂಬುದನ್ನು ನಾನು ಒಪ್ಪಲಾರೆ. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ್ದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಲ್ಲಿ ಮಂಡ್ಯದ ಎರಡು ಹಳ್ಳಿಗಳ ಅಧ್ಯಯನಕ್ಕೆ ಬಂದರು. ಒಂದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ಅವರೂ ಹಳ್ಳಿಗಳ ಹೆಸರು ಬದಲಿಸಿದರು. ಹಾಗೆ ಮಾಡಿದ್ದು ಸರಿಯೇ. ಆದರೆ 1970ರಲ್ಲಿ ಅದೇ ಹಳ್ಳಿಗಳಿಗೆ ಮತ್ತೆ ಬಂದರು. 1998ರಲ್ಲಿ ಕನ್ನಡಿಗರಿಬ್ಬರ ಜೊತೆ ಸೇರಿ, ಹಳ್ಳಿಯವರ ದನಿಯನ್ನೇ ಹೆಸರಾಗಿಟ್ಟುಕೊಂಡ ಪುಸ್ತಕವನ್ನು ತಂದರು. ಮೊಬೈಲ್ ಫೋನಿಲ್ಲದ ಕಾಲದಲ್ಲಿ ಅಷ್ಟು ದೂರದಿಂದ ಮರಳಿ ಬಂದವರಿದ್ದಾರೆ. ನಮ್ಮವರಿಗೆ ಚಿಕ್ಕಮಗಳೂರಿನಿಂದ ಒಂದು ಗಂಟೆಯ ದಾರಿ.

ಇಷ್ಟು ಕೋಪದಿಂದ ಬರೆಯುತ್ತಿರುವುದಕ್ಕೆ ಕಾರಣವನ್ನೂ ಹೇಳಬೇಕು. ಎಂ.ಫಿಲ್. ಮಾಡುವಾಗ ನಾನು ಮೂಡಿಗೆರೆಯ ಬಳಿಯ ಲೈನ್ ಮನೆಯಲ್ಲಿದ್ದ ತುಳು ಅಜ್ಜಿಯೊಬ್ಬರ ಜೊತೆ ಹನ್ನೊಂದು ಸಂಜೆ ಕುಳಿತಿದ್ದೆ. ಘಟ್ಟದ ಕೆಳಗಿನಿಂದ ನಡೆದುಕೊಂಡೇ ಬಂದ ಕಥೆ, ದಾರಿಯಲ್ಲಿ ಜ್ವರದಿಂದ ಹೋದ ತಂಗಿಯ ಕಥೆ, ಗದ್ದೆಯಲ್ಲಿ ಹಾಡುತ್ತಿದ್ದ ಪಾಡ್ದನವೆಂಬ ತುಳು ಕಥನಗೀತೆ ಎಲ್ಲವನ್ನೂ ಅವರು ಕೊಟ್ಟರು. ಕೊನೆಯ ದಿನ, ‘ಬರೆದದ್ದನ್ನು ಒಂದು ಸಲ ಬಂದು ಓದಿ ಹೇಳು ಮಗಾ’ ಎಂದರು. ಬರುತ್ತೇನೆಂದೆ. ಪದವಿ ಬಂತು, ಕೆಲಸ ಸಿಕ್ಕಿತು, ಮದುವೆಯಾಯಿತು. ಆರು ವರ್ಷದ ಮೇಲೆ ಹೋದಾಗ ಆ ಮನೆಯಲ್ಲಿ ಬೇರೆ ಸಂಸಾರವಿತ್ತು, ಅಜ್ಜಿ ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು. ಆ ಎಂ.ಫಿಲ್. ಪ್ರಬಂಧದ ಸಂಪುಟ ನನ್ನ ಕಪಾಟಿನಲ್ಲಿದೆ. ಅದರಲ್ಲಿ ಅವರೂ ಒಂದು ಸಂಖ್ಯೆಯೇ.

ಸಂಕಿರಣದ ಆ ಯುವ ಸಂಶೋಧಕರಿಗೆ ಪತ್ರ ಬರೆದು ಕೇಳಿದಾಗ ಪ್ರಬಂಧವನ್ನು ತಕ್ಷಣವೇ ಕಳುಹಿಸಿದರು. ಅದಕ್ಕಾಗಿ ಅವರಿಗೆ ಕೃತಜ್ಞಳು. ಕೂಲಿ, ಮುಂಗಡ, ಮಕ್ಕಳ ಶಾಲೆಗೆ ಸಂಬಂಧಿಸಿದ ಭಾಗಗಳನ್ನು ಎರಡು ರಾತ್ರಿ ಕುಳಿತು ಸರಳ ಕನ್ನಡಕ್ಕೆ ತಂದಿದ್ದೇನೆ. ಚಿತ್ರದಲ್ಲಿದ್ದ ಆ ಹೆಂಗಸಿಗೆ ಕನ್ನಡ ಅಷ್ಟಾಗಿ ತಿಳಿಯದು. ಅಸ್ಸಾಮಿ ಅಥವಾ ಬಂಗಾಳಿ ಬಲ್ಲವರು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ತಿಳಿಸಿ. ಭಾನುವಾರ ಮಧ್ಯಾಹ್ನ ಅವರೆಲ್ಲ ಸಂತೆಯಿಂದ ಮರಳುವ ಹೊತ್ತಿಗೆ ನಾನು ಅಲ್ಲಿಗೆ ಹೋಗುತ್ತಿದ್ದೇನೆ. ತೋಟದ ಗೇಟಿನವರೆಗೆ ಬಸ್ ಇಲ್ಲ. ಜೊತೆಗೆ ಬರುವವರನ್ನು ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಿಂದ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ.